ಆರೋಗ್ಯವಂತಳ ಮಾದರಿ

"ಸಿಗರೇಟು ಸೇದಿದ, ಸತ್ತ. ಅದಕ್ಕೆ ಕಾರ್ಖಾನೆ ಏನು ಮಾಡತ್ತಮ್ಮಾ?" ಎಂದಿದ್ದ ಕಂಪನಿ ಡಾಕ್ಟರ್. ಅಣ್ಣನ ಹೆಣ ಇನ್ನೂ ಆಸ್ಪತ್ರೆಯಿಂದ ಹೊರಬಿದ್ದಿರಲಿಲ್ಲ. ಈ ಮಾತನ್ನು ಇವನಿಗೇ ನುಂಗಿಸದಿದ್ದರೆ ನಾನು ಅಣ್ಣನ ತಂಗಿಯೇ ಅಲ್ಲ ಎಂದು ಅವಳು ಅವತ್ತೇ ಹಲ್ಲು ಕಚ್ಚಿದಳು.

ಅವಳೇನು ಕೈಲಾಗದವಳಲ್ಲ. ಶ್ವಾಸಕೋಶದ ಜೀವಕೋಶ ಪರೀಕ್ಷಿಸುವ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಅವಳನ್ನು ಓದಿಸಿದ್ದೂ ಆ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ಜೀವ ತೇಯ್ದ ಅಣ್ಣನೇ. ಕೊನೆಗಾಲದಲ್ಲಿ ಅವನ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಪುಟ್ಟ ಬ್ರಷ್‌ನಿಂದ ತೆಗೆದ ಜೀವಕೋಶಗಳು ಲ್ಯಾಬಿನ ಫ್ರೀಜರಿನಲ್ಲಿದ್ದವು. ಉರಿಯೂತ ಎದ್ದರೆ ಜೀವಕೋಶದ ಜೀನುಗಳೇನೂ ಬದಲಾಗುವುದಿಲ್ಲ. ತೆಪ್ಪಗಿದ್ದವು ಎದ್ದು ಕೂಗಾಡುತ್ತವೆ, ದುಡಿಯುತ್ತಿದ್ದವು ಕೈಕಟ್ಟಿ ಕೂರುತ್ತವೆ. ಹೊಗೆಗೆ ಏಳುವ ಗುಂಪೇ ಬೇರೆ, ಕಲ್ಲಿನ ಧೂಳಿಗೆ ಏಳುವ ಗುಂಪೇ ಬೇರೆ. ಅಣ್ಣನಲ್ಲಿ ಎದ್ದದ್ದು ಯಾವುದೆಂದು ತೋರಿಸಿದರೆ ಡಾಕ್ಟರನ ಬಾಯಿ ಬಂದ್.

ಹೋಲಿಸಿ ನೋಡಲು ಆರೋಗ್ಯವಂತರೊಬ್ಬರ ಮಾದರಿ ಬೇಕಿತ್ತು. ಗಂಟಲಿಗೆ ಕೊಳವೆ ಇಳಿಸಿಕೊಳ್ಳಲು ಹೊರಗಿನವರು ಯಾರು ಬರುತ್ತಾರೆ? ಇಂಥ ಹೊತ್ತಿನಲ್ಲಿ ಲ್ಯಾಬಿನವರೇ ತಮ್ಮದನ್ನು ಕೊಡುವುದು ಅಲ್ಲಿನ ರೂಢಿ.

"ನಂದೇ ತಗೊಳ್ಳಿ ಮೇಡಂ. ನೆಗಡಿ ಕೂಡ ನನ್ನ ಹತ್ರ ಸುಳಿಯಲ್ಲ," ಎಂದು ಲ್ಯಾಬಿನ ಮುಖ್ಯಸ್ಥೆಗೆ ಹೇಳಿ ಬಾಯಿ ತೆರೆದು ಮಲಗಿದಳು.

ಫಲಿತಾಂಶ ಬಂದ ದಿನ ಮೇಡಂ ಕಂಪ್ಯೂಟರ್ ಮುಂದೆ ಗರಬಡಿದವರಂತೆ ಕೂತಿದ್ದರು. ಎದ್ದ ಜೀನುಗಳನ್ನು ಕೆಂಪು ಬಣ್ಣದಲ್ಲಿ ತೋರಿಸುವ ಪಟ್ಟಿಯಲ್ಲಿ, ಅಣ್ಣನ ಸಾಲಿನಲ್ಲಿ ಎರಡೂ ಗುಂಪು ಎದ್ದಿದ್ದವು; ಹೊಗೆಯದು ಒಂಚೂರು, ಧೂಳಿನದು ಜೋರು. ಪಕ್ಕದಲ್ಲಿ, ಆರೋಗ್ಯವಂತಳ ಸಾಲಿನಲ್ಲೂ, ಧೂಳಿನ ಗುಂಪು ಕೆಂಪಗೆ ಎದ್ದು ಕೂತಿತ್ತು.

"ಮಾದರಿ ಅದಲುಬದಲಾಗಿರಬೇಕು."

"ಮೂರು ಸಲ ನೋಡಿದೆ ಕಣಮ್ಮಾ. ನೀನು ಯಾವತ್ತಾದ್ರೂ ಆ ಕಾರ್ಖಾನೆ ಒಳಗೆ ಹೋಗಿದ್ಯಾ?"

"ಗೇಟೂ ದಾಟಿಲ್ಲ," ಎಂದಳು. ಆದರೆ ಹತ್ತನೇ ವಯಸ್ಸಿನಿಂದ ಪ್ರತಿ ಸಂಜೆ ಹಿತ್ತಲಲ್ಲಿ ಅಣ್ಣನ ಅಂಗಿ ಕೊಡವುತ್ತಿದ್ದವಳು ಅವಳೇ. ಬಿಳಿ ಪುಡಿ ಮೈತುಂಬ ಮೆತ್ತಿಕೊಳ್ಳುತ್ತಿತ್ತು. "ನಮ್ಮ ಹಿಟ್ಟಿನ ಬೊಂಬೆ!" ಎಂದು ಅಣ್ಣ ನಗುತ್ತಿದ್ದ. ಅವಳೂ ಕೆಮ್ಮುತ್ತಲೇ ನಗುತ್ತಿದ್ದಳು.

ಭಯವಾಯಿತು, ಸುಳ್ಳೇಕೆ? ಉಸಿರಿಗಾಗಿ ಅಣ್ಣ ಪರದಾಡಿದ್ದು ಕಣ್ಣಿಗೆ ಕಟ್ಟಿತು. ಆಮೇಲೆ ತನ್ನ ಸಾಲನ್ನು ಮತ್ತೆ ನೋಡಿದಳು. ಅದರಲ್ಲಿ ಹೊಗೆಯ ಗುಂಪು ಒಂದಿಷ್ಟೂ ಎದ್ದಿರಲಿಲ್ಲ. ಅವಳಿಗೆ ನಗು ಬಂತು, ಒಳ್ಳೆಯ ನಗುವಲ್ಲ.

ಮರುದಿನ ಡಾಕ್ಟರನ ಮೇಜಿನ ಮೇಲೆ ಅಣ್ಣನ ವರದಿ ಇಟ್ಟಳು. ಅವನು ಹಲ್ಲು ಕಿರಿದ. "ಹೊಗೆ ಇದ್ಯಲ್ಲಮ್ಮಾ. ನಾನು ಬಡ್ಕೊಂಡಿದ್ದೂ ಅದನ್ನೇ."

ಅವಳು ಹೆಸರಿಲ್ಲದ ಎರಡನೇ ವರದಿ ತಳ್ಳಿದಳು. "ಇದರಲ್ಲಿ ಹುಡುಕಿ."

ಅವನು ಕನ್ನಡಕ ಸರಿಮಾಡಿಕೊಂಡು ಹುಡುಕಿದ. "ಇಲ್ಲಿ ಹೊಗೆ ಇಲ್ಲ. ಬರೀ ಕಲ್ಲಿನ ಧೂಳು. ನಮ್ಮ ಕಾರ್ಖಾನೆಯವನಾ? ಎಷ್ಟು ವರ್ಷ ಸರ್ವೀಸು?"

"ಒಂದು ದಿನವೂ ಇಲ್ಲ. ಅದು ನಾನು, ಡಾಕ್ಟ್ರೇ. ಮನೇಲಿ ಅವನ ಅಂಗಿ ಕೊಡವಿದವಳು. ಈಗ ಹೇಳಿ, ನಾನು ಯಾವ ಸಿಗರೇಟು ಸೇದಿದೆ?"

ಅವಳು ಕುರ್ಚಿ ಎಳೆದು ಕೂತಳು. ಉತ್ತರ ಬರುವವರೆಗೆ ಏಳಬಾರದೆಂದೇ ಇಡೀ ದಿನ ರಜೆ ಹಾಕಿ ಬಂದಿದ್ದಳು.