ಹಾರಿಸಿದ ಹದಿನಾರು ಪುಟ

ಮಹಾದೇವಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಒಮ್ಮೆ ಕಿವಿಗೆ ಬಿದ್ದ ಮಾತು ಅವಳನ್ನು ಬಿಟ್ಟುಹೋದದ್ದೇ ಇಲ್ಲ. ಶಹಾಬಾದಿನ ಆ ಓಣಿಯಲ್ಲಿ ಯಾರ ಮದುವೆಗೆ ಯಾರು ಎಂಥ ಸೀರೆ ತಂದಿದ್ದರು ಎಂಬುದಕ್ಕೂ ಅವಳೇ ಸಾಕ್ಷಿ. ಅದರ ಹೆಮ್ಮೆಯೂ ಸಣ್ಣದೇನಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸೊಸೆ ಚಂದ್ರಕಲಾ ಅವಳಿಗೆ ಗ್ರಂಥಾಲಯದಿಂದ ತಂದ ಹಳೆಯ ಕಾದಂಬರಿ ಓದಿ ಹೇಳಬೇಕು. ರಾಜಕುಮಾರ, ಮಾಟಗಾರ, ಏಳು ಬೆಟ್ಟದಾಚೆಯ ಗವಿ, ಮಾತಾಡುವ ಮೊಸಳೆ ಎಲ್ಲ ಇದ್ದ ದಪ್ಪ ಪುಸ್ತಕ. ಕೇಳಿದ್ದನ್ನು ಅತ್ತೆ ಸಂಜೆ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೌದಿ ಹೊಲಿಯುವ ಹೆಂಗಸರಿಗೆ ಒಂದಕ್ಷರ ಬಿಡದೆ ಹೇಳುತ್ತಿದ್ದಳು. ಸೂಜಿ ಹಿಡಿದ ಕೈಗಳು ಹಾಗೇ ನಿಂತುಬಿಡುತ್ತಿದ್ದವು.

ಚಂದ್ರಕಲಾಗೋ ಓದುವುದೆಂದರೆ ಬೇಸರ. ಮೂರು ಗಂಟೆಗೆ ಮೊಬೈಲಿನಲ್ಲಿ ಅವಳ ಧಾರಾವಾಹಿ ಕಾಯುತ್ತಿರುತ್ತದೆ. ಒಂದು ದಿನ ರಾಜಕುಮಾರ ಹೊಳೆ ದಾಟುವ ಅಧ್ಯಾಯ ಏನು ಮಾಡಿದರೂ ಮುಗಿಯುವಂತೆ ಕಾಣಲಿಲ್ಲ. ಹದಿನಾರು ಪುಟ ಒಟ್ಟಿಗೆ ಹಿಡಿದು ಮಗುಚಿ, "ಹೊಳಿ ದಾಟಿದ" ಎಂದು ಮುಂದಕ್ಕೆ ಹೋದಳು. ಏನು ಮಹಾ, ಹೊಳೆ ತಾನೇ! ಅತ್ತೆ ಪಾಪ, ಹೂಂಗುಟ್ಟಿದಳು.

ಎಂಟು ದಿನ ಕಳೆದು ಕಥೆ ಗವಿಯ ಬಾಗಿಲಿಗೆ ಬಂತು. "ಆಗ ರಾಜಕುಮಾರ ತಾಮ್ರದ ಕೀಲಿಕೈ ಹೊರಗ ತಗದಾ" ಎಂದು ಕಟ್ಟೆಯ ಮೇಲೆ ಮಹಾದೇವಮ್ಮ ಕೈ ಎತ್ತಿದಳು.

ಪಕ್ಕದ ಮನೆಯ ಶೈಸ್ತಾ ತಲೆ ಎತ್ತಿದಳು. "ಆಯಿ, ಅವನ ಹತ್ರ ಕೀಲಿಕೈ ಎಲ್ಲಿಂದ ಬಂತ್ರಿ? ನೀವು ಹೇಳಿದ್ದಿಲ್ಲ."

ಮಹಾದೇವಮ್ಮನ ಎತ್ತಿದ ಕೈ ಇಳಿಯಿತು. "ಹೇಳೀನಲ್ಲ... ಯಾರೋ ಕೊಟ್ಟಿರಬೇಕು..." ಎಂದು ತಡವರಿಸಿದಳು.

"ಮಾದೇವಕ್ಕಗ ಮರವು ಬಂತು ನೋಡ್ರೇ!" ಎಂದು ಕೌದಿ ಹೊಲಿಯುತ್ತಿದ್ದ ಸಾಬಮ್ಮ ನಕ್ಕಳು. ಉಳಿದವರೂ ನಕ್ಕರು.

ಬಾಗಿಲಲ್ಲಿ ನಿಂತಿದ್ದ ಚಂದ್ರಕಲಾಗೆ ಹಾರಿಸಿದ ಪುಟಗಳ ನೆನಪಾಯಿತು. ಒಳಗೆ ಓಡಿ ಪುಸ್ತಕ ತೆರೆದಳು. ಅಂಬಿಗನೊಬ್ಬ ಕೀಲಿಕೈ ಕೊಟ್ಟದ್ದು ಆ ಹದಿನಾರು ಪುಟದಲ್ಲೇ ಇತ್ತು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಪುಸ್ತಕ ಮುಚ್ಚಿ ಒಳಗೇ ಕೂತಳು.

ಮರುದಿನ ಅತ್ತೆ ಕಟ್ಟೆಗೆ ಹೋಗಲಿಲ್ಲ. "ಚಿತ್ತಾಪುರದಾಗ ನಮ್ಮ ಅಕ್ಕಗ ಹಿಂಗೇ ಶುರು ಆಗಿತ್ತವ್ವ. ಕಡೀಕ ಹೆತ್ತ ಮಕ್ಕಳ ಗುರ್ತ ಸಿಗಲಿಲ್ಲ ಆಕಿಗಿ. ನನಗೂ ಅದೇ ಬಂತು ಕಾಣ್ತದ."

"ಏನಿಲ್ಲ ಬಿಡ್ರಿ ಅತ್ತಿ" ಎಂದಳು ಚಂದ್ರಕಲಾ. ಅಷ್ಟೇ ಎಂದಳು, ಪುಣ್ಯಾತ್ಗಿತ್ತಿ!

ಮೂರನೆಯ ದಿನ ಓದಲು ಕೂತಾಗ ಅತ್ತೆಯ ಕೈ ಸುಮ್ಮನಿರಲಿಲ್ಲ. ಮೊಸಳೆ ಬಂತು, ಸೆರಗಿನ ತುದಿಗೆ ಒಂದು ಗಂಟು. ಮಾಟಗಾರ ಮಾಯವಾದ, ಇನ್ನೊಂದು ಗಂಟು. ಮರೆಯದಿರಲೆಂದು ಮತ್ತೆ ಮತ್ತೆ ಅವನ್ನು ತಡವಿ, ತುಟಿಯಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು. ಅದನ್ನು ನೋಡಿ ಚಂದ್ರಕಲಾಗೆ ಮುಂದಿನ ಸಾಲು ಕಾಣಲಿಲ್ಲ. ಪುಟಗಳನ್ನು ಹಿಂದಕ್ಕೆ ತಿರುಗಿಸಿ ಹೊಳೆಯ ಅಧ್ಯಾಯ ಓದತೊಡಗಿದಳು.

ಅಂಬಿಗ ಕೀಲಿಕೈ ಕೊಟ್ಟ. ಅತ್ತೆಯ ಕೈ ನಿಂತಿತು. "ತಡಿ. ಇದು ನಾ ಕೇಳಿದ್ದಿಲ್ಲ."

"ನಾ ಓದಿದ್ದಿಲ್ರಿ ಅತ್ತಿ. ಬ್ಯಾಸರಾಗಿ ಹದಿನಾರು ಪುಟ ಹಾರಿಸಿದ್ದೆ. ನಿಮ್ಮ ತಲಿ ನೆಟ್ಟಗದ."

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ಕೂತಳು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಮಹಾದೇವಮ್ಮ ಸೊಸೆಯ ಗಲ್ಲ ಹಿಡಿದು ನಕ್ಕಳು, ಅತ್ತಳು. "ಅಂದ್ರ ನನಗ ಏನೂ ಆಗಿಲ್ಲ? ಜೀವ ಉಳಿಸಿದಿ ನನ್ನವ್ವ!"

ಸಂಜೆ ಸೂಜಿದಾರ ಹಿಡಿದು ಹೊಸ್ತಿಲು ದಾಟುವಾಗ ತಿರುಗಿ ನೋಡಿದಳು. "ಮಂದಿ ಕೇಳಿದ್ರ ನಾನೇ ಮರ್ತಿದ್ದೆ ಅಂತೀನಿ. ನಿನ್ನ ಹೆಸರ್ಯಾಕ ಕೆಡಬೇಕು?"

ಚಂದ್ರಕಲಾಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಪುಸ್ತಕ ಎತ್ತಿಕೊಂಡು ಅತ್ತೆಗಿಂತ ಮುಂದೆ ಕಟ್ಟೆಗೆ ನಡೆದಳು.

"ಶೈಸ್ತಾ, ಕೀಲಿಕೈ ಅಂಬಿಗ ಕೊಟ್ಟಿದ್ದ. ನಮ್ಮತ್ತಿ ಮರ್ತಿಲ್ಲ. ನಾನೇ ಓದಿದ್ದಿಲ್ಲ."

ಈ ಸಲ ಯಾರೂ ನಗಲಿಲ್ಲ. ಮಹಾದೇವಮ್ಮ ಒಬ್ಬಳೇ ಸೊಸೆಗೆ ಪಕ್ಕದಲ್ಲಿ ಜಾಗ ಬಿಟ್ಟು, ಸೆರಗಿನ ಗಂಟುಗಳನ್ನು ಬಿಚ್ಚುತ್ತ ಕೂತಳು.