ಹರಿಕೇನಿನ ಮಸಿ

ನನ್ನ ಅಣ್ಣ ವೇಣು ಒಂದು ಪ್ಲಾಸ್ಟಿಕ್ ವಿಮಾನಕ್ಕೆ ಕೊಳೆ ಹಚ್ಚುವುದರಲ್ಲೇ ಇಡೀ ಬೇಸಿಗೆ ಕಳೆದಿದ್ದ. ನಗುವವರು ನಗಲಿ, ನನಗೇನು! ಎರಡನೇ ಮಹಾಯುದ್ಧದ ಹರಿಕೇನ್ ಯುದ್ಧವಿಮಾನದ ಮಾದರಿ ಅದು, ಅಸಲಿನ ಇಪ್ಪತ್ತನಾಲ್ಕನೇ ಒಂದು ಪಾಲು. ರೆಕ್ಕೆಯೇ ಮೊಳಕ್ಕೆ ಮಿಗಿಲು. ಮೂತಿಯ ಮುಚ್ಚಳ ತೆಗೆದರೆ ಒಳಗೆ ಇಡೀ ಎಂಜಿನ್, ಕೂದಲೆಳೆಯಂಥ ವೈರುಗಳು. ಬರ್ಮಾ ಯುದ್ಧ ಮುಗಿಸಿ ಬಂದದ್ದು ಹೊಸ ಪಾತ್ರೆಯ ಹಾಗೆ ಹೊಳೆದರೆ ಯಾರು ನಂಬುತ್ತಾರೆ ಎಂದು, ಹೊಗೆಕೊಳವೆಯ ಹಿಂದೆ ಇದ್ದಿಲ ಪುಡಿ ತಿಕ್ಕಿ ಮಸಿ ಎಳೆದಿದ್ದ. ಮಸಿಯ ತುದಿಯಲ್ಲಿ ಅವನ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಕೂತಿತ್ತು.

ವಿಮಾನಕ್ಕೆ ಗಾಲಿ ಕೂರಿಸುವ ಮೊದಲೇ ತೊಪ್ಪೂರು ಘಾಟಿಯಲ್ಲಿ ಅವನ ಹೊಸ ಬೈಕಿನ ಮೇಲೆ ಲಾರಿ ಹರಿಯಿತು.

ಅವನ ಬಟ್ಟೆಬರೆಯನ್ನೆಲ್ಲ ಅವ್ವ ದಾನ ಕೊಟ್ಟಳು. ಅವನ ಕೈಯ ಗುರುತು ಅಂತ ಉಳಿದದ್ದು ಆ ಹೆಬ್ಬೆರಳೊಂದೇ. ನಾನು ಸೇಲಂನಲ್ಲಿ ಕಟ್ಟುಹಲ್ಲು ಮಾಡುವ ಲ್ಯಾಬಿನವಳು, ನಾಜೂಕು ಕೆಲಸ ಬರುತ್ತದೆ. ನಾನೂ ಅವ್ವನೂ ಇರುವ ಮನೆಯಲ್ಲಿ ವಿಮಾನವನ್ನು ನನ್ನ ರೂಮಿಗೆ ತಂದು ಗಾಲಿ ಅಂಟಿಸಿದೆ, ಮಸಿಯನ್ನು ಮುಟ್ಟಲಿಲ್ಲ. ಗುರುತಿನ ವಿಷಯ ಯಾರಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಮುಟ್ಟಿ ಮುಟ್ಟಿಯೇ ಅಳಿಸುತ್ತಾರೆ. ಮೇಲೊಂದು ಕೈ ವಾರ್ನಿಷ್ ಹೊಡೆದುಬಿಟ್ಟರೆ ಆಮೇಲೆ ಭಯವಿರಲಿಲ್ಲ.

ಆಯುಧ ಪೂಜೆಯ ಬೆಳಿಗ್ಗೆ ಲ್ಯಾಬಿಗೆ ಹೋಗಿ, ಪೂಜೆ ಮುಗಿಸಿಕೊಂಡು ವಾರ್ನಿಷ್ ಡಬ್ಬಿ ಹಿಡಿದು ಮನೆಗೆ ಬಂದೆ. ಬಾಗಿಲಲ್ಲಿ ಪಕ್ಕದ ಮನೆಯ ಕಲೈಸೆಲ್ವಿ ಪೂಜೆಯ ಕಡಲೆಪುರಿಯ ತಟ್ಟೆ ಹಿಡಿದು ನಿಂತಿದ್ದಳು.

"ಅಕ್ಕಾ, ಉಂಗ ಪ್ಲೇನ್ ಸೂಪರಾ ಇರುಕ್ಕು!"

ನನ್ನ ರೂಮಿನ ವಿಮಾನವನ್ನು ಇವಳು ಎಲ್ಲಿ ನೋಡಿದಳು ಎಂದು ಚಪ್ಪಲಿಯಲ್ಲೇ ಒಳಗೆ ನುಗ್ಗಿದೆ.

ಹಜಾರದಲ್ಲಿ ಕತ್ತರಿ, ತುರಿಮಣೆ, ಮಿಕ್ಸಿ, ಎಲ್ಲವೂ ತೊಳೆದು ಗಂಧ ಹಚ್ಚಿಸಿಕೊಂಡು ಕೂತಿದ್ದವು. ನಡುವೆ ವಿಮಾನ, ಥಳಥಳ. ಮೂತಿಗೆ ಸೇವಂತಿಗೆ, ರೆಕ್ಕೆಗೆ ವಿಭೂತಿ. ಗಾಲಿಯ ಅಡಿಯಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣು. ಗಾಲಿಯ ಒಂದು ಕಾಲು ಮುರಿದು ವಿಮಾನ ಪಕ್ಕಕ್ಕೆ ವಾಲಿತ್ತು.

"ಏನವ್ವಾ ಮಾಡ್ದೆ ಇದು?"

ಅವ್ವ ಮಂಜುಳಮ್ಮ ಪಾಲಕೋಡ್ ಕಡೆಯ ರೈತರ ಮನೆಯವಳು. ಪೂಜೆಯ ದಿನ ನೇಗಿಲು, ಮೋಟರು ಯಾವುದನ್ನೂ ತೊಳೆಯದೆ ಬಿಟ್ಟವಳಲ್ಲ. ಹೆಮ್ಮೆಯಿಂದ ಎದ್ದು ಬಂದಳು.

"ಎಲ್ಲಾನೂ ತೊಳ್ದೆ ಕಣಮ್ಮಿ. ಇದಂತೂ ಬರೀ ಮಸಿ. ಸೋಪ್ ಆಕಿ ಬ್ರಷ್ನಾಗೆ ತಿಕ್ದೆ. ಈಗ ನೋಡು, ಎಂಗೈತೆ!"

"ನಿಂಗೇನು ತಲೆ ಕೆಟ್ಟಿದ್ಯಾ? ಮುರಿದೂ ಹಾಕಿದ್ಯಲ್ಲ! ನಿಂಬೆಹಣ್ಣು ಬೇರೆ ಕೇಡು ಇದಕ್ಕೆ!"

ಅವ್ವನ ಮುಖ ಸಣ್ಣದಾಯಿತು. "ಗಾಲಿ ಇರೋ ಗಾಡಿಗೆ ಇಡ್ದೆ ಇರ್ಬಾರ್ದು. ಅವ್ನ ಬೈಕ್ಗೆ ಇಡೋಕೆ ಓದೆ. 'ಚುಮ್ಮಾ ಇರವ್ವಾ, ಟೈರ್ ಜಾರ್ತದೆ' ಅಂತ ನಕ್ಕಂಡು ಓಗ್ಬುಟ್ಟ. ಇದ್ಕಾದ್ರೂ ಇಡಾನ ಅಂತ..."

ನನ್ನ ಜಾಗದಲ್ಲಿ ಬೇರೆಯವಳಿದ್ದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅದು ಮಸಿ ಅಲ್ಲ! ವೇಣು ಬೆರಳು! ಅವನ ಹೆಬ್ಬೆರಳಿನ ಗುರುತು ಇತ್ತು ಅದ್ರಲ್ಲಿ. ಅದನ್ನ ತಿಕ್ಕಿ ತಿಕ್ಕಿ ಮೋರಿಗೆ ಬಿಟ್ಯಲ್ಲ, ಪಾಪಿ!"

ಅವ್ವ ವಿಮಾನದ ಮುಂದೆ ಕುಕ್ಕರಿಸಿದಳು.

"ಎಲ್ಲಿತ್ತು?"

ತೋರಿಸಿದೆ. ಅಲ್ಲೀಗ ಅವಳದೇ ಬೆರಳಿನ ಕುಂಕುಮವಿತ್ತು. ಅದನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು, ಅಡಿಯಲ್ಲಿ ಇನ್ನೂ ಏನಾದರೂ ಉಳಿದಿರಬಹುದು ಅನ್ನುವ ಹಾಗೆ. ಬರೀ ಹಸಿರು ಬಣ್ಣ.

"ಇಷ್ಟು ದಿನ ನಿನ್ ರೂಮ್ನಾಗಿತ್ತು" ಎಂದಳು, ನನ್ನ ಕಡೆ ತಿರುಗದೆ. "ನಂಗೊಂದು ಮಾತು ಯೋಳ್ಲಿಲ್ವಲ್ಲೇ ಸುಪ್ರಜಾ. ನಾನೂ ನೋಡ್ತಿದ್ನಲ್ಲ."