ಮೈಕಿನ ಮುಂದೆ ಅಮ್ಮ

ನಮ್ಮ ಗ್ರಂಥಾಲಯದ ಮುಖ್ಯಸ್ಥರಿಗೆ ಊರಿಟ್ಟ ಹೆಸರು ಶ್ ಸಾರ್. ಓದುವ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿದರೂ ಸಾಕು, ತುಟಿಗೆ ಬೆರಳಿಟ್ಟು ‘ಶ್’ ಅನ್ನುತ್ತಾರೆ. ಫ್ಯಾನು ಸದ್ದು ಮಾಡಿದರೆ ಅದಕ್ಕೂ ಅನ್ನುತ್ತಾರೆಂದು ನಾವು ಆಡಿಕೊಂಡು ನಗುತ್ತಿದ್ದೆವು. ಈಗ ಆ ತಮಾಷೆ ನೆನಪಾದರೆ ಮೈ ಉರಿಯುತ್ತದೆ. ನನ್ನ ತಾಯಿಯ ಬಾಯನ್ನು ಒಂದು ಸಲ ಡಾಕ್ಟರು ಮುಚ್ಚಿಸಿದರು, ಜೀವ ಉಳಿಸುವುದಕ್ಕೆ. ಎರಡನೇ ಸಲ ಮುಚ್ಚಿಸಿದ್ದು ಈ ಮನುಷ್ಯ.

ಅಮ್ಮ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದಳು. ಗಾಜಿನ ಒಂದು ಚಿಕ್ಕ ಕೋಣೆ, ಒಂದು ಸ್ಟೂಲು, ಒಂದು ಮೈಕು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕೈ ತಪ್ಪಿಸಿಕೊಂಡು ಅಳುತ್ತಾ ಕೂತಿದೆ, ಎಲ್ಲವನ್ನೂ ಊರು ಅವಳ ಬಾಯಿಂದಲೇ ಕೇಳಿದೆ. ಜೇನಿನಂಥ ಕಂಠವೇನಲ್ಲ ಅದು. ಸ್ವಲ್ಪ ಒಡಕು, ಸ್ವಲ್ಪ ಗದರಿಕೆ. ‘ಹೊರಟಿದೆ’ ಅನ್ನುವಾಗ ಕೊನೆಯಲ್ಲಿ ಉದ್ದಕ್ಕೆ ಎಳೆಯುತ್ತಿದ್ದಳು, ಏದುಸಿರು ಬಿಡುತ್ತಾ ಓಡಿ ಬರುವವರಿಗೆ ಇನ್ನೊಂದು ಚೂರು ಸಮಯ ಸಿಗಲಿ ಅಂತ. ಆ ಎಳೆತ ಮುಗಿಯುವ ತನಕ ಡ್ರೈವರುಗಳು ಗೇರು ಹಾಕುತ್ತಿರಲಿಲ್ಲ.

ಆಮೇಲೆ ಗಂಟಲಲ್ಲಿ ಗಡ್ಡೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಈಗ ಕತ್ತಿನ ಬುಡದಲ್ಲೊಂದು ತೂತಿದೆ, ಉಸಿರಾಟವೆಲ್ಲ ಅದರಿಂದಲೇ. ಅದರ ಮೇಲೆ ಕಟ್ಟಿಕೊಳ್ಳುವ ತೆಳು ಬಟ್ಟೆಯನ್ನು ನಾನೇ ಹೊಲಿದು ಕೊಡುತ್ತೇನೆ. ನನ್ನದು ಹೊಲಿಗೆ ಅಂಗಡಿ, ತುಂಡು ಬಟ್ಟೆಗೆ ಬರವಿಲ್ಲ. ಏನಾದರೂ ಹೇಳಬೇಕೆಂದರೆ ಅಮ್ಮ ಸ್ಲೇಟು ಹಿಡಿಯುತ್ತಾಳೆ, ಸಿಟ್ಟು ಬಂದರೆ ಸ್ಟೀಲ್ ಲೋಟ ಕುಟ್ಟುತ್ತಾಳೆ.

ಆಪರೇಷನ್ ಆದಾಗ ನನ್ನ ಮಗಳು ಹಾಲು ಕುಡಿಯುವ ಕೂಸು. ಈಗ ಅರಳು ಹುರಿದಂತೆ ಮಾತಾಡುತ್ತಾಳೆ. ಆದರೆ ಅಜ್ಜಿಯ ಹತ್ತಿರ ಸುಳಿಯುವುದಿಲ್ಲ. ಆ ತೂತಿನಿಂದ ಉಸಿರು ಸುಯ್ ಎಂದರೆ ನನ್ನ ಬೆನ್ನ ಹಿಂದೆ ಅಡಗುತ್ತಾಳೆ. ಒಂದು ಬೆಳಿಗ್ಗೆ ಅಜ್ಜಿಯ ಎದುರಿಗೇ ಕೇಳಿಬಿಟ್ಟಳು.

“ಅಮ್ಮಾ, ಅಜ್ಜಿಗೆ ಯಾರೂ ಮಾತು ಕಲಿಸ್ಲೇ ಇಲ್ವಾ?”

ನಾನು ಅವಳನ್ನು ಗದರಿದೆ. ಅಮ್ಮ ನನ್ನನ್ನು ಗದರಿದಳು, ಲೋಟ ಕುಟ್ಟಿ. ಆಮೇಲೆ ಸ್ಲೇಟಿನ ಮೇಲೆ ಬರೆದು ನನ್ನ ಕಡೆ ತಿರುಗಿಸಿದಳು. ‘ನನ್ನ ದನಿ ಲೈಬ್ರರಿಯಲ್ಲಿದೆ. ತಂದು ಅವಳಿಗೆ ಕೇಳಿಸು.’

ನನಗೆ ಅದು ಗೊತ್ತೇ ಇರಲಿಲ್ಲ. ಗ್ರಂಥಾಲಯದವರು ಮಹಡಿಯ ಮೇಲಿನ ಸ್ಥಳೀಯ ಇತಿಹಾಸ ಕೋಣೆಯಲ್ಲಿ ‘ನಮ್ಮೂರ ದನಿ’ ಎಂಬ ಕಾರ್ಯಕ್ರಮ ನಡೆಸುತ್ತಾರೆ. ಊರಿನ ಹಿರಿಯರನ್ನು, ದಾದಿ, ಕ್ಷೌರಿಕ, ಗಿರಣಿಯವನು ಎನ್ನದೆ ಎಲ್ಲರನ್ನೂ ಕೂರಿಸಿ, ಅವರ ಕೆಲಸದ ಕಥೆಯನ್ನು ರೆಕಾರ್ಡ್ ಮಾಡುತ್ತಾರೆ. ಬಾಗಿಲಲ್ಲಿ ದೊಡ್ಡ ಪೋಸ್ಟರ್ ಬೇರೆ: ‘ನಿಮ್ಮ ನೆನಪು ನಮ್ಮಲ್ಲಿ ಭದ್ರ.’ ಆಪರೇಷನ್ನಿಗೆ ಮುಂಚೆ ಅಮ್ಮ ಯಾರಿಗೂ ಹೇಳದೆ ಒಬ್ಬಳೇ ಹೋಗಿ ಅಲ್ಲಿ ಕೂತು ಮಾತಾಡಿ ಬಂದಿದ್ದಳು.

“ಮನೇಲೇ ನನ್ನ ಫೋನಿಗೆ ಹೇಳ್ಬಾರ್ದಿತ್ತಾ?” ಅಂದೆ.

‘ನೀನು ಅಳ್ತಿದ್ದೆ. ಫೋನು ನೀರಿಗೆ ಬೀಳುತ್ತೆ. ಲೈಬ್ರರಿ ಬೀಳಲ್ಲ.’

ಮರುದಿನವೇ ಹೋದೆ. ಶ್ ಸಾರ್ ಕಮಿಟಿಯ ಅನುಮತಿ ಬೇಕು ಅಂದರು. ಇನ್ನೊಮ್ಮೆ ಹೋದಾಗ ಕಪಾಟಿನ ಬೀಗದ ಕೈ ಇರಲಿಲ್ಲ. ಮತ್ತೊಮ್ಮೆ ಕ್ಯಾಟಲಾಗ್ ನಡೆಯುತ್ತಿತ್ತು. ಅಲೆದೂ ಅಲೆದೂ ನನ್ನ ಚಪ್ಪಲಿ ಸವೆಯಿತು, ಅಂಗಡಿಯಲ್ಲಿ ಗಿರಾಕಿಗಳ ಬಾಯಿಗೆ ಬಿದ್ದೆ. ಕೊನೆಗೊಂದು ದಿನ ಓದುವ ಕೋಣೆಯ ನಟ್ಟನಡುವೆ ನಿಂತು, “ನಮ್ಮಮ್ಮನ ಧ್ವನಿ ಕೊಡಿ ಸಾರ್!” ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರ ಬೆರಳು ತಾನಾಗಿಯೇ ತುಟಿಗೆ ಹೋಯಿತು.

“ಶ್ ಅಂದ್ರೆ ಇನ್ನೂ ಜೋರಾಗಿ ಕಿರುಚ್ತೀನಿ,” ಅಂದೆ.

ಸರಸರನೆ ಮಹಡಿಗೆ ಕರೆದುಕೊಂಡು ಹೋದರು. ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಹಳೇ ಟಿಕೆಟ್ ಯಂತ್ರ, ತುಕ್ಕು ಹಿಡಿದ ಬೀಗಗಳು, ಯಾರದೋ ಕನ್ನಡಕ. ಕಪಾಟಿನಿಂದ ಒಂದು ಫೈಲು ತೆಗೆದು, ಸ್ವಂತ ಮಗುವನ್ನು ತೋರಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಒಳಗೆ ನೀಟಾಗಿ ಟೈಪು ಮಾಡಿದ ಹಾಳೆಗಳು.

“ನಿಮ್ಮ ತಾಯಿ ಹೇಳಿದ್ದೆಲ್ಲ ಇದೆ. ನಾನೇ ರಜಾ ದಿನ ಕೂತು ಇಳಿಸಿದ್ದು.”

“ಇದು ಕಾಗದ ಸಾರ್. ಧ್ವನಿ ಎಲ್ಲಿ?”

“ಬರಹಕ್ಕೆ ಇಳಿಸಿದ ಮೇಲೆ ಧ್ವನಿ ಕೆಲ್ಸ ಮುಗೀತಲ್ಲಮ್ಮ. ನಮ್ಮ ಹತ್ರ ಇರೋದು ಒಂದೇ ರೆಕಾರ್ಡರು. ಅಳಿಸಿ ಮುಂದಿನವರಿಗೆ ಬಳಸ್ತೀವಿ. ಮೊದ್ಲಿಂದ ಹಾಗೇ ಮಾಡ್ಕೊಂಡು ಬಂದಿರೋದು.”

ಇಷ್ಟನ್ನೂ ಅವರು ಒಂದಿಷ್ಟೂ ಅಳುಕಿಲ್ಲದೆ ಹೇಳಿದರು. ಕಳ್ಳನಾಗಿದ್ದರೆ ಕತ್ತಿನ ಪಟ್ಟಿ ಹಿಡಿಯಬಹುದಿತ್ತು, ಸೋಮಾರಿಯಾಗಿದ್ದರೆ ಬೈಯಬಹುದಿತ್ತು. ಈ ಮನುಷ್ಯ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಕೇಳಿ, ಬೆವರು ಸುರಿಸಿ ಬರೆದು, ಆಮೇಲೆ ನಿಷ್ಠೆಯಿಂದ ಅಳಿಸಿದ್ದಾರೆ. ನನಗೆ ತಲೆ ಕೆಟ್ಟುಹೋಯಿತು.

“ಸಿಪ್ಪೆ ಬಿಸಾಕಿ ಹಣ್ಣು ಇಟ್ಕೊಂಡಿದೀವಿ ಅಂದ್ಕೊಳಿ,” ಎಂದರು ಸಮಾಧಾನ ಮಾಡುವವರ ಹಾಗೆ.

“ನೀವು ಇಟ್ಕೊಂಡಿರೋದೇ ಸಿಪ್ಪೆ ಸಾರ್.”

ಕೈಗೆ ಬಂದ ಹಾಳೆಯ ಮೇಲೆ ಕಣ್ಣಾಡಿಸಿದೆ. ‘ಪ್ರಯಾಣಿಕರ ಅನುಕೂಲಾರ್ಥವಾಗಿ ನಾನು ಪದಾಂತ್ಯವನ್ನು ದೀರ್ಘಗೊಳಿಸುತ್ತಿದ್ದೆನು’ ಎಂದಿತ್ತು. ನಮ್ಮಮ್ಮ ಹುಟ್ಟಿದಾಗಿನಿಂದ ಏನನ್ನೂ ದೀರ್ಘಗೊಳಿಸಿದವಳಲ್ಲ. ಫೈಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೆ. ದಾರಿಯುದ್ದಕ್ಕೂ ಅಳು ಬಂತು, ಸಿಟ್ಟಿನ ಅಳು.

ಅಮ್ಮನಿಗೆ ಹೇಗೆ ಹೇಳಲಿ ಅಂತ ಬಾಗಿಲಲ್ಲೇ ನಿಂತಿದ್ದೆ. ಅವಳೇ ಫೈಲು ಕಿತ್ತುಕೊಂಡಳು. ನಾನು ಹೇಳಿದ್ದನ್ನು ಕೇಳುತ್ತಾ ಕನ್ನಡಕ ಹಾಕಿಕೊಂಡು ಓದಿದಳು. ದೀರ್ಘಗೊಳಿಸಿದ ಜಾಗಕ್ಕೆ ಬಂದಾಗ ಅವಳ ಭುಜ ಕುಲುಕಿತು. ಅವಳು ಈಗ ನಗುವುದು ಹಾಗೆ. ಕೊನೆಯ ತನಕ ಓದಿ, ಮತ್ತೆ ಮೊದಲ ಹಾಳೆಗೆ ಬಂದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಲೋಟ ಎತ್ತಿ ಮೇಜಿಗೆ ಬಡಿದಳು. ಲೋಟ ನೆಗ್ಗಿತು.

‘ಮೊದಲು ಹೇಳಿದ್ದು ಎಲ್ಲಿ?’

“ಏನು ಹೇಳಿದ್ದೆ?”

ಬರೆದಳು. ಜಾಗ ಸಾಲದೆ ಒರೆಸಿ, ಮತ್ತೆ ಬರೆದಳು. ‘ಕೂಸೇ, ನಾನು ನಿನ್ನಜ್ಜಿ. ಮುಂದಿನ ವಾರ ನನ್ನ ಗಂಟಲು ಕೊಯ್ತಾರೆ. ನನ್ನ ದನಿ ಹೀಗಿತ್ತು ನೋಡು. ದೊಡ್ಡವಳಾದ ಮೇಲೆ ಬಂದು ಕೇಳು.’

ಅಲ್ಲೇ ನಿಂತು ಶ್ ಸಾರ್‌ಗೆ ಫೋನು ಮಾಡಿದೆ. ಮೊದಲ ಮಾತನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ.

“ಅದು ಮನೆ ವಿಷ್ಯ ಅಲ್ವೇನಮ್ಮ? ಊರಿನ ಇತಿಹಾಸಕ್ಕೆ ಸಂಬಂಧ ಇರ್ಲಿಲ್ಲ, ತೆಗೆದೆ.”

ಅಂದರೆ ಕೇಳಿದ್ದಾರೆ. ಗಂಟಲು ಕೊಯ್ಯುತ್ತಾರೆ ಎಂದಿದ್ದು ಕಿವಿಗೆ ಬಿದ್ದಿದೆ, ತಲೆಗೂ ಹೋಗಿದೆ. ಹಾಗಿದ್ದೂ ಅಳಿಸಿದ್ದಾರೆ. ಆ ದಿನ ಗಿರಾಕಿಯೊಬ್ಬರ ಹೊಸ ಬಟ್ಟೆಗೆ ಅಡ್ಡಾದಿಡ್ಡಿ ಕತ್ತರಿ ಹಾಕಿ ಹಾಳು ಮಾಡಿದೆ.

ಸ್ವಲ್ಪ ದಿನಕ್ಕೆ ಆಹ್ವಾನ ಬಂತು. ‘ನಮ್ಮೂರ ದನಿ’ ಪುಸ್ತಕವಾಗಿದೆಯಂತೆ, ಬಿಡುಗಡೆಗೆ ಅಮ್ಮನನ್ನು ವೇದಿಕೆಯ ಮೇಲೆ ಕೂರಿಸುತ್ತಾರಂತೆ. ಅದನ್ನು ಹರಿದು ಒಲೆಗೆ ಹಾಕಲು ಹೊರಟಿದ್ದೆ. ಅಮ್ಮ ಕೈ ಹಿಡಿದಳು. ‘ಹೋಗೋಣ. ಮೈಕು ಇರುತ್ತಾ ಕೇಳು’ ಎಂದು ಬರೆದಳು. ಕತ್ತಿಗೆ ಹೊಸದೊಂದು ಕೆಂಪು ಬಟ್ಟೆಯನ್ನೂ ಹೊಲಿಸಿಕೊಂಡಳು.

ಓದುವ ಕೋಣೆ ಅವತ್ತು ಗಿಜಿಗುಡುತ್ತಿತ್ತು. ನಿವೃತ್ತ ಡ್ರೈವರುಗಳು, ಕಂಡಕ್ಟರುಗಳು ಗುಂಪು ಕಟ್ಟಿಕೊಂಡು ಬಂದಿದ್ದರು. ಮಗಳನ್ನು ಬಿಟ್ಟು ಬರಲು ಯಾರೂ ಇಲ್ಲದೆ ಜೊತೆಗೇ ಕರೆತಂದು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮೇಜಿನ ಮೇಲೆ ಅದೇ ರೆಕಾರ್ಡರು, ಅದರ ಕೆಂಪು ದೀಪ ಉರಿಯುತ್ತಿತ್ತು. ಸಭೆಯ ಮಾತುಗಳನ್ನೂ ಬರಹಕ್ಕೆ ಇಳಿಸಬೇಕಲ್ಲ. ಶ್ ಸಾರ್ ಅಮ್ಮನ ಪುಟವನ್ನು ತಮ್ಮ ಇಸ್ತ್ರಿ ಮಾಡಿದ ಧ್ವನಿಯಲ್ಲಿ ಓದಿದರು. ‘ದೀರ್ಘಗೊಳಿಸುತ್ತಿದ್ದೆನು’ ಎಂದಾಗ ಡ್ರೈವರುಗಳು ಮುಖ ಮುಖ ನೋಡಿಕೊಂಡರು.

ಅಮ್ಮ ಎದ್ದಳು. ನೆಟ್ಟಗೆ ಹೋಗಿ ಅವರ ಕೈಯಿಂದ ಮೈಕು ತೆಗೆದುಕೊಂಡಳು.

“ಅಮ್ಮಾ, ನಿಮಗೆ ಮಾತು...” ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿದರು.

ಅಮ್ಮ ಮೈಕಿನ ತಲೆಗೆ ಬೆರಳಿನಿಂದ ಟಕ್ ಟಕ್ ಎಂದು ತಟ್ಟಿದಳು. ಬಸ್ ನಿಲ್ದಾಣದಲ್ಲಿ ಪ್ರತಿ ಸಲವೂ ಮಾಡುತ್ತಿದ್ದದ್ದೇ. ಕೆಂಪು ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೈಕನ್ನು ಕತ್ತಿನ ತೂತಿಗೆ ಹಿಡಿದು, ಉಸಿರು ಬಿಟ್ಟಳು.

ಒರಟಾದ, ಒದ್ದೆಯಾದ, ಹರಿದ ಬಟ್ಟೆ ಎಳೆದಂಥ ಸದ್ದು ಗೋಡೆಯ ಸ್ಪೀಕರುಗಳಿಂದೆಲ್ಲ ಹೊರಟಿತು. ಮೊದಲು ಮೂರು ಮೊಟಕು ಉಸಿರು. ಆಮೇಲೆ ಒಂದು ಉದ್ದ ಉಸಿರು, ಎಳೆದಳು, ಎಳೆದಳು, ಎಳೆಯುತ್ತಲೇ ಹೋದಳು. ಹಿಂದಿನ ಸಾಲಿನಲ್ಲಿ ಒಬ್ಬ ಮುದಿ ಡ್ರೈವರು ದಡಬಡಿಸಿ ಎದ್ದು ನಿಂತ. “ಹೊರಟಿದೆ!” ಎಂದ.

ಮಗಳು ನನ್ನ ಕೈ ಜಗ್ಗಿದಳು. “ಅಜ್ಜಿ ಮಾತಾಡ್ತಿದ್ದಾಳಾ?”

“ಹೂಂ, ಮಾತಾಡ್ತಿದ್ದಾಳೆ.”

ಅವಳು ನನ್ನ ಕೈ ಬಿಟ್ಟು ವೇದಿಕೆಯ ಕಡೆ ನಡೆದಳು.

ಶ್ ಸಾರ್ ರೆಕಾರ್ಡರಿನ ಗುಂಡಿಗೆ ಕೈ ಚಾಚಿದ್ದನ್ನು ನಾನು ಕಂಡೆ. ಸಭೆಗೆ ಸಂಬಂಧವಿಲ್ಲದ ಸದ್ದಲ್ಲವೇ! ಹಾರಿ ಹೋಗಿ ಅವರ ಮಣಿಕಟ್ಟು ಹಿಡಿದೆ.

“ಅದನ್ನ ಮುಟ್ಟಿದ್ರೆ ನೋಡಿ ಸಾರ್. ಅಳಿಸೋದು ಆಮೇಲಿರ್ಲಿ, ಮೊದ್ಲು ಇದನ್ನ ಬರ್ಕೊಳ್ಳಿ. ಒಂದಕ್ಷರ ಬಿಡಬೇಡಿ.”

ಅವರು ನಿಜಕ್ಕೂ ಪೆನ್ನು ತೆಗೆದರು. ಹಾಳೆಯ ಮೇಲೆ ಊರಿದರು. ಅಮ್ಮ ಮೊಮ್ಮಗಳನ್ನು ನೋಡುತ್ತಾ ಇನ್ನೊಂದು ಉಸಿರು ಎಳೆದಳು, ಅದೂ ಮುಗಿಯಿತು, ಮತ್ತೊಂದು ಶುರುವಾಯಿತು. ಪೆನ್ನು ಇಟ್ಟಲ್ಲೇ ಇತ್ತು.